ಹಂಡೆಗೆ ನೀರು ತುಂಬಿದವರು

ಹಾಸನಾಂಬೆಯ ಬಾಗಿಲು ತೆರೆದ ಗುರುವಾರದಿಂದ ಬಲಿಪಾಡ್ಯಮಿ ಕಳೆದು ಮುಚ್ಚುವವರೆಗೆ ಹಾಸನದ ಪತ್ರಕರ್ತರಿಗೆ ಮನೆಯ ನೆನಪಿರುವುದಿಲ್ಲ. ಸಾಲು ಎಲ್ಲಿಯವರೆಗೆ ಬೆಳೆದಿದೆ, ಇವತ್ತು ಯಾವ ಮಂತ್ರಿ ಬಂದರು, ಪಾಸ್ ಗಲಾಟೆ ಎಲ್ಲಿ ಆಯಿತು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಕಳೆದ ಸಲ ರಾತ್ರಿ ಹತ್ತರ ಸುಮಾರಿಗೆ ಧರ್ಮದರ್ಶನದ ಸಾಲಿನ ಪಕ್ಕ ನಿಂತು ಫೋಟೊ ಕಳಿಸುತ್ತಿದ್ದೆ. ಸಾಲಿನಲ್ಲಿದ್ದ ಹೆಂಗಸೊಬ್ಬರು ಫೋನಿನಲ್ಲಿ ಮನೆಯವರಿಗೆ ಜೋರಾಗಿ ಹೇಳುತ್ತಿದ್ದರು: "ನಾನು ಬರೋದು ಬೆಳಗಾಗುತ್ತೆ. ಹಂಡೆ ಉಜ್ಜಿದ್ರಾ? ನೀರು ತುಂಬಿದ್ರಾ? ಖಾಲಿ ಮಾತ್ರ ಬಿಡಬೇಡಿ."

ಅವತ್ತು ಆಶ್ವಯುಜ ಬಹುಳ ತ್ರಯೋದಶಿ. ನಮ್ಮ ಕಡೆ ಅದು ನೀರು ತುಂಬುವ ಹಬ್ಬ. ಮಾರನೆಯ ದಿನ ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆನೀರು. ಪಂಚಾಂಗದಲ್ಲಿ ಅದನ್ನು ಅಭ್ಯಂಗ ಸ್ನಾನ ಎಂದು ಬರೆದಿರುತ್ತಾರೆ. ಕೃಷ್ಣ ನರಕಾಸುರನನ್ನು ಕೊಂದು ಬಂದು ಮೈಗಂಟಿದ ರಕ್ತ ತೊಳೆದುಕೊಂಡ ದಿನ ಎಂಬ ಕಥೆ ಎಲ್ಲರಿಗೂ ಗೊತ್ತು. ಅವತ್ತು ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರೆ, ಹೊತ್ತು ಹುಟ್ಟುವ ಮೊದಲು ಮಿಂದವರಿಗೆ ನರಕದ ಭಯವಿಲ್ಲ ಎಂಬುದು ನಂಬಿಕೆ. ಕಥೆ, ಮಂತ್ರ, ಫಲ ಎಲ್ಲವೂ ಮೀಯುವವರಿಗೆ ಸಂಬಂಧಿಸಿದ್ದು. ಹಿಂದಿನ ದಿನಕ್ಕೆ ಮಾತ್ರ ನಮ್ಮ ಹಳ್ಳಿಯವರು ತುಂಬುವ ಕೆಲಸದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಆ ಫೋನ್ ಮಾತು ಕೇಳಿದ ಮೇಲೆ ಈ ಹೆಸರು ನನ್ನ ತಲೆಯಿಂದ ಹೋಗಲಿಲ್ಲ. ಮೀಯುವುದರ ಬಗ್ಗೆ ಇಷ್ಟು ಬರೆದಿದ್ದಾರಲ್ಲ, ತುಂಬಿದವರ ಬಗ್ಗೆ ಯಾರು ಬರೆದಿದ್ದಾರೆ?

ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ಅಜ್ಜಿಯ ಊರು ಗೊರೂರಿಗಿಂತ ಮೇಲೆ ಹೇಮಾವತಿಯ ದಡದಲ್ಲಿತ್ತು. ಈಗ ಜಲಾಶಯದ ತಳದಲ್ಲಿದೆ. ಮುಳುಗಡೆಯಾದ ಮೇಲೆ ನಮ್ಮವರು ಹೊಳೆನರಸೀಪುರ ತಾಲೂಕಿಗೆ ಬಂದು ನೆಲೆಸಿದರು. ಅವ್ವ ಚನ್ನರಾಯಪಟ್ಟಣದ ಕಡೆಯವಳು. ಹೆಂಡತಿಯ ತವರು ಅರಕಲಗೂಡು ತಾಲೂಕಿನ ರಾಮನಾಥಪುರದ ಹತ್ತಿರ. ನನ್ನ ಕೆಲಸ ಹಾಸನದಲ್ಲಿ. ಹೀಗೆ ನಾಲ್ಕೂ ತಾಲೂಕಿನ ಪದ್ಧತಿ ನಮ್ಮ ಒಂದು ಬಚ್ಚಲಿಗೆ ಬಂದು ಸೇರಿದೆ.

ನಮ್ಮ ಹಂಡೆ ತಾಮ್ರದ್ದು, ಅಜ್ಜಿ ಮದುವೆಯಾಗಿ ಬಂದಾಗ ಜೊತೆಗೆ ಬಂದದ್ದು. ಎಂಟು ಕೊಡ ನೀರು ಹಿಡಿಯುತ್ತದೆ. ತ್ರಯೋದಶಿಯ ಮಧ್ಯಾಹ್ನ ಅದನ್ನು ಒಲೆಯಿಂದ ಇಳಿಸಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ವರ್ಷವಿಡೀ ಹೊಗೆ ಕುಡಿದ ಹಂಡೆ. ತಳದ ಮಸಿ ಹೋಗುವುದಿಲ್ಲ, ಹೋಗಬೇಕೆಂದು ಯಾರೂ ಹಟ ಹಿಡಿಯುತ್ತಲೂ ಇರಲಿಲ್ಲ. ಕಣ್ಣಿಗೆ ಕಾಣುವ ಭಾಗ ಹೊಳೆದರೆ ಸಾಕು. ಬಚ್ಚಲುಮನೆ ತೊಳೆದು, ಒಲೆಗೆ ಕೆಮ್ಮಣ್ಣು ಬಳಿದು, ಸುಣ್ಣದ ಗೆರೆ ಎಳೆದು, ಹಂಡೆಯ ಕೊರಳಿಗೆ ಹಾಗಲಬಳ್ಳಿ ಸುತ್ತಿ, ಚೆಂಡುಹೂ ಸಿಕ್ಕಿಸಿ, ಅರಿಶಿನ ಕುಂಕುಮ ಇಡುವುದು. ಆಮೇಲೆ ನೀರು. ಮೊದಲ ಕೊಡಕ್ಕೆ ಪೂಜೆ ಮಾಡಿಯೇ ಹಂಡೆಗೆ ಹುಯ್ಯಬೇಕು. ಬಚ್ಚಲಿನಲ್ಲಿ ಒಂದು ದೀಪ. ಹಂಡೆ ತುಂಬಿದ ಮೇಲೆ ಬೆಳಗಿನವರೆಗೆ ಅದರಿಂದ ಒಂದು ಚೊಂಬು ನೀರನ್ನೂ ಯಾರೂ ತೆಗೆಯುವಂತಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತುತ್ತಿತ್ತು. ಮಣೆ ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅಜ್ಜಿ ಗರಿಕೆಯಲ್ಲಿ ಎಣ್ಣೆ ಅದ್ದಿ ನೆತ್ತಿಗೆ ಮುಟ್ಟಿಸಿ, ಆರತಿ ಎತ್ತಿ, ಆಮೇಲೆ ಬೆಚ್ಚಗಿನ ಎಣ್ಣೆ ತಟ್ಟುತ್ತಿದ್ದಳು. ನೆತ್ತಿಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ. ಜಿಡ್ಡು ತೆಗೆಯಲು ಸೀಗೆಪುಡಿ, ಕಡಲೆಹಿಟ್ಟು. ಅವ್ವನ ತವರಿನ ಕಡೆಯಿಂದ ಬಂದರೆ ಚುಜ್ಜಲು ಪುಡಿ. ಆ ಹಸಿರು ಪುಡಿ ಕಣ್ಣಿಗೆ ಬಿದ್ದರೆ ಸೀಗೆಯಷ್ಟೇ ಉರಿ, ಆದರೆ ಕೂದಲು ನುಣ್ಣಗಾಗುತ್ತದೆ ಅಂತ ಅವ್ವನ ವಾದ. ಈ ವಾದ ಇನ್ನೂ ಮುಗಿದಿಲ್ಲ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಮನೆಮಗಳು, ಕೊನೆಗೆ ಸೊಸೆಯರು. ಎಲ್ಲರದೂ ಆದ ಮೇಲೆ ಹಂಡೆಯ ತಳದಲ್ಲಿ ಉಳಿದ ಉಗುರು ಬೆಚ್ಚಗಿನ ನೀರು ಅವ್ವನಿಗೆ. ಅಷ್ಟು ಹೊತ್ತಿಗೆ ಹೊತ್ತು ಹುಟ್ಟಿ ಬಹಳ ಹೊತ್ತಾಗಿರುತ್ತಿತ್ತು. ಸೂರ್ಯೋದಯದ ಒಳಗೆ ಮೀಯಬೇಕೆಂಬ ನಿಯಮ ಅವಳಿಗೆ ಅನ್ವಯಿಸಲೇ ಇಲ್ಲ.

ಇದೆಲ್ಲ ಎಷ್ಟು ಹಳೆಯದು? ಎಣ್ಣೆ ಹಚ್ಚಿಕೊಂಡು ಮೀಯುವುದು ಬಹಳ ಹಳೆಯದು. ಏಳನೆಯ ಶತಮಾನದ ಸುಮಾರಿನ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನವೂ ಅಭ್ಯಂಗ ಮಾಡಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕು ಎಂದಿದೆ. ಬಿಸಿನೀರು ಕತ್ತಿನಿಂದ ಕೆಳಗೆ ಒಳ್ಳೆಯದು, ತಲೆಗೆ ಹುಯ್ದರೆ ಕೂದಲಿಗೂ ಕಣ್ಣಿಗೂ ಕೆಟ್ಟದ್ದು ಎಂಬ ಮಾತೂ ಅಲ್ಲೇ ಇದೆ. ನಮ್ಮ ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೊಗೆಯಾಡುವ ನೀರನ್ನೇ ನೆತ್ತಿಗೆ ಸುರಿಯುತ್ತಿದ್ದಳು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳ ಪಟ್ಟಿಯಿದೆ. ಅದರಲ್ಲಿ ಸ್ನಾನವೂ ಒಂದು ಭೋಗ. ಹೂವಿನ ಪರಿಮಳ ಹಿಡಿಸಿದ ಎಣ್ಣೆ, ಮೈ ತಿಕ್ಕುವ ಆಳುಗಳು, ಎಣ್ಣೆ ತೆಗೆಯುವ ಹಿಟ್ಟು, ಎಲ್ಲದರ ವಿವರ ಅಲ್ಲಿ ಬರುತ್ತದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಆ ಎಣ್ಣೆ ಬೆವರಾಗಿ ಇಳಿಯುವವರೆಗೆ ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಮಾಡಿ, ಕುದುರೆ ಓಡಿಸಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದ. ಮೀಯಿಸುತ್ತಿದ್ದವನು ಅರಸನಿಗೆ ಪೂಜ್ಯನಾದ ಒಬ್ಬ ಬ್ರಾಹ್ಮಣ ಎಂದೂ ಪಾಯಸ್ ಹೇಳುತ್ತಾನೆ. ಎಣ್ಣೆಯ ವಿವರ ಇದೆ, ಮೀಯಿಸಿದವನ ವಿವರ ಇದೆ. ಆ ಬಿಸಿನೀರು ಎಲ್ಲಿಂದ ಬಂತು, ಹೊತ್ತವರು ಯಾರು ಎಂಬುದು ಅವನ ಕಣ್ಣಿಗೂ ಬಿದ್ದಿಲ್ಲ.

ಧರ್ಮಶಾಸ್ತ್ರದವರಿಗೆ ನೀರಿನ ಕಷ್ಟ ಗೊತ್ತಿತ್ತು ಅನ್ನಿಸುತ್ತದೆ. ಅವರು ಏಳು ಬಗೆಯ ಸ್ನಾನ ಹೇಳುತ್ತಾರೆ. ನೀರಿನಲ್ಲಿ ಮುಳುಗುವ ವಾರುಣ ಸ್ನಾನ ಅವುಗಳಲ್ಲಿ ಒಂದು ಮಾತ್ರ. ಮಂತ್ರದಿಂದ, ಮಣ್ಣಿನಿಂದ, ಭಸ್ಮದಿಂದ, ಹಸುಗಳ ಕಾಲಿನ ಧೂಳಿನಿಂದ, ಬಿಸಿಲು ಮಳೆಯಿಂದ, ಬರೀ ಮನಸ್ಸಿನ ಧ್ಯಾನದಿಂದ ಕೂಡ ಶುದ್ಧಿಯಾಗಬಹುದು. ನದಿಗೆ ಹೋಗಲಾಗದವರು ಮನೆಯ ಪಾತ್ರೆಯ ನೀರಿಗೇ ಗಂಗೆ ಯಮುನೆಯಿಂದ ಕಾವೇರಿಯವರೆಗೆ ಏಳು ನದಿಗಳನ್ನು ಕರೆದು ಮೀಯಬಹುದು. ಮನೆಯಲ್ಲೇ ತೀರ್ಥಸ್ನಾನ ಮಾಡಿಕೊಳ್ಳುವ ಉಪಾಯ ಇದು. ಆ ಏಳರಲ್ಲಿ ನಮ್ಮ ಹೇಮಾವತಿ ಇಲ್ಲ. ಜಾವಳಿಯಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರ ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುವ ಹೊಳೆ. ಕಾವೇರಿಯ ಹೆಸರಿನಲ್ಲೇ ಇವಳೂ ಬಂದಳು ಅಂದುಕೊಳ್ಳಬೇಕು.

ಸ್ನಾನದ ಚರಿತ್ರೆ ಹುಡುಕುವವರು ಚನ್ನರಾಯಪಟ್ಟಣ ತಾಲೂಕು ಬಿಟ್ಟು ದೂರ ಹೋಗಬೇಕಿಲ್ಲ. ಶ್ರವಣಬೆಳಗೊಳದ ಹೆಸರಿನಲ್ಲೇ ಬಿಳಿಯ ಕೊಳವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಟ್ಟಲು ತೊಡಗಿದ ಕಲ್ಯಾಣಿ ಎರಡು ಬೆಟ್ಟಗಳ ನಡುವೆ ಇವತ್ತಿಗೂ ಇದೆ. ಬಾಹುಬಲಿಗೆ ನಡೆಯುವ ಮಹಾಮಸ್ತಕಾಭಿಷೇಕ ಬಹುಶಃ ನಾಡಿನ ಅತಿ ದೊಡ್ಡ ಸ್ನಾನ. ಪಂಡಿತಾರ್ಯ ಎಂಬುವರು ಏಳು ಸಲ ಅಭಿಷೇಕ ಮಾಡಿಸಿದರೆಂದು 1398ರ ಶಾಸನ ಹೇಳುತ್ತದೆ. ಹಿಂದಿನ ಅಭಿಷೇಕ 2018ರ ಫೆಬ್ರವರಿಯಲ್ಲಾಯಿತು. 1008 ಕಲಶ. ಆಗ ನಾನು ಬೆಟ್ಟದ ಬುಡದಲ್ಲಿ ನಿಂತು ವರದಿ ಮಾಡಿದವರಲ್ಲಿ ಒಬ್ಬ.

ಒಂದು ವಿಚಿತ್ರವನ್ನು ಆಗ ಗಮನಿಸಿದೆ. ದಿಗಂಬರ ಮುನಿಗಳಿಗೆ 28 ಮೂಲಗುಣಗಳಿವೆ. ಅದರಲ್ಲಿ ಅಸ್ನಾನ, ಅಂದರೆ ಮೀಯದಿರುವುದು, ಒಂದು ವ್ರತ. ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಗೆ ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಚಂದನದ ಸ್ನಾನ. ಅದನ್ನು ನೋಡುತ್ತ ಕುಳಿತ ಮುನಿಗಳು ದೀಕ್ಷೆಯ ದಿನದಿಂದ ಮಿಂದವರಲ್ಲ. ನೀರಿನಿಂದ ಶುದ್ಧಿ ಬರುತ್ತದೆ ಎಂಬ ಮಾತನ್ನು ಒಪ್ಪುವವರು ಒಪ್ಪದವರು ಇಬ್ಬರೂ ಒಂದೇ ಅಟ್ಟಣಿಗೆಯ ಮೇಲೆ ಇದ್ದಂತೆ ನನಗೆ ಕಂಡಿತು.

ಗುಳ್ಳಕಾಯಜ್ಜಿಯ ಕಥೆ ನಿಮಗೆ ಗೊತ್ತಿರಬಹುದು. ಚಾವುಂಡರಾಯ ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿಸಿದ. ಹಾಲು ಸೊಂಟದಿಂದ ಕೆಳಗೆ ಇಳಿಯಲಿಲ್ಲ. ಕೊನೆಗೆ ಒಬ್ಬ ಬಡ ಮುದುಕಿ ಗುಳ್ಳದ ಕಾಯಿಯಲ್ಲಿ ತಂದ ಒಂದು ಹಿಡಿ ಹಾಲು ಹುಯ್ದಾಗ ಅದು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದ ಕೆಳಗೆ ಹರಿಯಿತು. ಗೊಮ್ಮಟನ ಎದುರಿಗೇ ಅಜ್ಜಿಯ ಮೂರ್ತಿ ಇದೆ. ಅವಳು ಕೂಷ್ಮಾಂಡಿನಿ ದೇವಿಯೇ ಎಂದು ಆಮೇಲೆ ಕಥೆ ತಿರುಗುತ್ತದೆ. ನನಗೆ ಆ ತಿರುವು ಇಷ್ಟವಿಲ್ಲ. ಹೊತ್ತು ತಂದವಳು ಮನುಷ್ಯಳಾಗಿಯೇ ಇದ್ದಿದ್ದರೆ ಏನು ಕಡಿಮೆಯಾಗುತ್ತಿತ್ತು?

ನೀರಿನಲ್ಲಿ ಮುಳುಗಿ ಎದ್ದರೆ ಮನಸ್ಸು ತೊಳೆಯುತ್ತದೆಯೇ ಎಂದು ಕನ್ನಡದಲ್ಲಿ ಕೇಳಿದವರು ಹೊಸಬರಲ್ಲ. 12ನೇ ಶತಮಾನದ ಶರಣರು ಕೇಳಿದರು, 16ನೇ ಶತಮಾನದ ಪುರಂದರದಾಸರೂ ಕೇಳಿದರು. ಶರಣರು ಇನ್ನೂ ಮುಂದೆ ಹೋಗಿ ಐದು ಸೂತಕಗಳನ್ನು ತಳ್ಳಿಹಾಕಿದರು: ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಮೈಲಿಗೆಯೇ ಇಲ್ಲ ಎಂದ ಮೇಲೆ ಕಳೆಯುವ ಸ್ನಾನಕ್ಕೆ ಕೆಲಸ ಉಳಿಯುವುದಿಲ್ಲ.

ಆದರೆ ನಮ್ಮ ಮನೆಗಳನ್ನು ಕಟ್ಟಿದ್ದು ಆ ಐದು ಸೂತಕಗಳ ಲೆಕ್ಕದಲ್ಲೇ. ಹಳೆಯ ಮನೆಗಳಲ್ಲಿ ಬಚ್ಚಲು ಎಲ್ಲಿರುತ್ತಿತ್ತು ನೆನಪಿಸಿಕೊಳ್ಳಿ. ಹಿತ್ತಿಲ ಬಾಗಿಲ ಪಕ್ಕ, ಅಡುಗೆಮನೆಯಿಂದ ದೂರ, ಹೊರಗಿನಿಂದಲೇ ಒಳಗೆ ಹೋಗುವಂತೆ. ಮಣ್ಣು ಮಾಡಿ ಬಂದವರು, ಕ್ಷೌರ ಮಾಡಿಸಿಕೊಂಡು ಬಂದವರು, ನಾಲ್ಕನೆಯ ದಿನದ ಹೆಂಗಸರು, ಹನ್ನೊಂದನೆಯ ದಿನದ ಬಾಣಂತಿ ಮನೆ ತುಳಿಯದೆ ಮೊದಲು ಬಚ್ಚಲಿಗೇ ಹೋಗಬೇಕಿತ್ತು. ಈಗಿನ ಮನೆಗಳಲ್ಲಿ ಬಚ್ಚಲು ಮಲಗುವ ಕೋಣೆಯೊಳಗೆ ಬಂದಿದೆ. 2020ರಲ್ಲಿ ಕೊರೊನಾ ಬಂದಾಗ ಮಾತ್ರ ನಮ್ಮೂರಿನಲ್ಲಿ ಹಿತ್ತಿಲ ಬಚ್ಚಲುಗಳಿಗೆ ಮತ್ತೆ ಜೀವ ಬಂತು. ಬೆಂಗಳೂರಿನಿಂದ ಬಂದ ಮಕ್ಕಳನ್ನು ತಾಯಂದಿರು ಮೊದಲು ಅಲ್ಲಿಗೇ ಕಳಿಸಿದರು. ಅದನ್ನು ಕೆಲವರು ‘ನೋಡಿ, ನಮ್ಮ ಹಿರಿಯರ ವಿಜ್ಞಾನ’ ಎಂದು ವಾಟ್ಸಾಪಿನಲ್ಲಿ ಹಂಚಿದರು. ಸೋಂಕಿಗೆ ಮಿಂದರೆ ಅದು ಸ್ವಚ್ಛತೆ. ಪಕ್ಕದ ಕೇರಿಯವರ ನೆರಳಿಗೆ ಮಿಂದದ್ದು ಯಾವ ವಿಜ್ಞಾನ?

ಈ ಮಾತನ್ನು ಬಿಟ್ಟು ಸ್ನಾನದ ಚರಿತ್ರೆ ಬರೆಯಲು ಬರುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಜನ ನೀರು ಕುಡಿದರು. ಆಮೇಲೆ ಊರಿನ ಮೇಲುಜಾತಿಯವರು ಆ ಕೆರೆಯನ್ನು ಶುದ್ಧಿ ಮಾಡಿದರು. 108 ಮಡಕೆಗಳಲ್ಲಿ ಕೆರೆಯ ನೀರು ಎತ್ತಿ, ಸಗಣಿ, ಗಂಜಳ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಮತ್ತೆ ಕೆರೆಗೆ ಸುರಿದರು. ಮನುಷ್ಯರನ್ನು ಶುದ್ಧಿ ಮಾಡುವ ನೀರಿಗೇ ಸ್ನಾನ ಮಾಡಿಸಿದ್ದು! ಮಹಾಡ ದೂರದ ಊರು, ಹಳೆಯ ಕಾಲ ಅನ್ನಬೇಡಿ. ನಮ್ಮದೇ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಮಹಿಳೆಯರು ಬಸವೇಶ್ವರ ದೇವಸ್ಥಾನದ ಒಳಗೆ ಹೋದದ್ದಕ್ಕೆ ದಂಡದ ಮಾತು ಬಂದು, ವಿಷಯ ಪತ್ರಿಕೆಗಳಿಗೆ ಬಂದು, ಅಧಿಕಾರಿಗಳು ಸಭೆಯ ಮೇಲೆ ಸಭೆ ಮಾಡಬೇಕಾಯಿತು. ದೇವರ ಹೆಸರು ಬಸವೇಶ್ವರ ಎಂಬುದನ್ನು ಮತ್ತೊಮ್ಮೆ ಓದಿಕೊಳ್ಳಿ.

ಇನ್ನು ನಮ್ಮ ಮನೆಯ ವಿಷಯ. ಹಂಡೆ ಒಲೆಗೆ ಸೌದೆ ಬೇಕಲ್ಲ. ಅವ್ವನ ತವರಿನಲ್ಲಿ ತೆಂಗಿನ ಮಟ್ಟೆ, ಕರಟ, ಸೋಗೆ ಬೇಕಾದಷ್ಟು. ಹೆಂಡತಿಯ ಊರಿನ ಕಡೆ ತಂಬಾಕು ಬೇಯಿಸುವ ಬ್ಯಾರನ್‌ಗೆ ತಂದ ಸೌದೆಯಲ್ಲೇ ಬಚ್ಚಲಿಗೂ ನಾಲ್ಕು ತುಂಡು ಉಳಿಯುತ್ತಿತ್ತು. ಎಲೆ ಮುರಿಯುವ ಕಾಲದಲ್ಲಿ ಕೈಗೆ ಹತ್ತಿದ ಕಪ್ಪು ಅಂಟು ಹೋಗಲು ದಿನವೂ ಬಿಸಿನೀರು ಬೇಕೇ ಬೇಕು. ನಮ್ಮೂರಿನಲ್ಲಿ ಎರಡೂ ಇರಲಿಲ್ಲ. ಕೇರಿಯಿಂದ ಒಬ್ಬ ಹೆಂಗಸು ತಲೆಹೊರೆಯಲ್ಲಿ ಸೌದೆ ತಂದು ಹಿತ್ತಿಲಿಗೆ ಹಾಕುತ್ತಿದ್ದಳು. ಹಬ್ಬದ ದಿನ ಅಜ್ಜಿ ಅವಳಿಗೆ ಎಣ್ಣೆ ಕೊಡುತ್ತಿದ್ದದ್ದು ನನಗೆ ನೆನಪಿದೆ. ಅವಳು ಕರಟ ಹಿಡಿದು ಬಗ್ಗಿ ನಿಲ್ಲುವಳು, ಅಜ್ಜಿ ಮೇಲಿನಿಂದ, ಕೈ ತಾಗದ ಹಾಗೆ, ಹುಯ್ಯುವಳು. ಅಜ್ಜಿ ಕೆಟ್ಟವಳಲ್ಲ. ಒಂದು ತೊಟ್ಟೂ ಕೆಳಗೆ ಚೆಲ್ಲದ ಹಾಗೆ ಹುಯ್ಯುವುದು ಅವಳಿಗೆ ಅಭ್ಯಾಸವಾಗಿತ್ತು, ಅಷ್ಟೆ. ಆ ಅಭ್ಯಾಸವೇ ಈಗ ನೆನೆದರೆ ಮೈ ಬಿಸಿಯಾಗುತ್ತದೆ.

ಆ ಸೌದೆಯಾಕೆ ಈಗಲೂ ಇದ್ದಾರೆ. ಇದನ್ನು ಬರೆಯುವ ಮೊದಲು ಹೋಗಿ ಮಾತಾಡಿಸಿದೆ. ಅವರ ಮೊಮ್ಮಗನ ವಯಸ್ಸಿನ ನನ್ನನ್ನು ‘ಬುದ್ಧಿ’ ಅಂದರು. ಹಾಗೆ ಅನ್ನಬೇಡಿ ಅಜ್ಜಿ ಎಂದರೆ ನಕ್ಕು, ಎರಡು ಮಾತಿನ ಮೇಲೆ ಮತ್ತೆ ಅದನ್ನೇ ಅಂದರು. ಹಂಡೆಯ ವಿಷಯ ಕೇಳಿದೆ.

"ನಿಮ್ಮನೆ ಹಂಡೆ ಒಲೆಗೆ ಎಷ್ಟು ಹೊರೆ ಹಾಕಿವ್ನೋ ಲೆಕ್ಕ ಇಲ್ಲ ಬುದ್ಧಿ. ಆ ನೀರು ಎಷ್ಟು ಬಿಸಿ ಇರ್ತದೆ ಅಂತ ಮಾತ್ರ ನಂಗೆ ಗೊತ್ತಿಲ್ಲ."

ನಿಮ್ಮ ಮನೆಯಲ್ಲಿ ನೀರು ತುಂಬುತ್ತಿರಲಿಲ್ಲವೇ ಎಂದೆ. ತುಂಬದೆ ಏನು, ಹಬ್ಬ ಎಲ್ಲರಿಗೂ ಒಂದೇ ಅಲ್ಲವೇ ಎಂದರು. ಹಂಡೆ ಇರಲಿಲ್ಲ. ಎಣ್ಣೆ ಡಬ್ಬದ ಬಾಯಿ ಕತ್ತರಿಸಿ, ಅದನ್ನೇ ತಿಕ್ಕಿ, ಅದಕ್ಕೇ ಸುಣ್ಣದ ಬೊಟ್ಟು ಇಟ್ಟು, ಮೂರು ಕಲ್ಲಿನ ಮೇಲೆ ಕಾಯಿಸಿ, ಸೋಗೆಯ ತಟ್ಟಿ ಮರೆಯಲ್ಲಿ ಮಕ್ಕಳನ್ನು ಮೀಯಿಸುತ್ತಿದ್ದರಂತೆ. ನೀರನ್ನು ಹಳ್ಳದಿಂದ ತರಬೇಕಿತ್ತು. ಊರ ಬಾವಿ ಹತ್ತಿರವಿತ್ತು, ಹಳ್ಳ ದೂರ. "ಒಂದೊಂದ್ ಕೊಡಕ್ಕೂ ಒಂದೊಂದ್ ಸಲ ಆ ಬಾವಿ ಮುಂದೇನೇ ಹಾದು ಬರ್ಬೇಕಿತ್ತು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ದಾರಿ ಹೇಳಿದ ಹಾಗೆ ಹೇಳಿದರು.

ನೀರು ಹೊರುವ ದೂರವನ್ನು ಬದಲಿಸಿದ್ದು ಧರ್ಮವೂ ಅಲ್ಲ, ಸುಧಾರಣೆಯೂ ಅಲ್ಲ, ಎಂಜಿನಿಯರುಗಳು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿಯಿತು. ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ 37 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಮಳೆಗಾಲದಲ್ಲಿ ದಿನವೂ ಈ ಅಂಕಿಗಳನ್ನು ಕಚೇರಿಗೆ ಕಳಿಸುವ ನನಗೆ ಅವು ಮನೆಯ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿವೆ. ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಜ್ಜಿಯ ಊರಿನ ಹೊಳೆ ಮೆಟ್ಟಿಲು ಅಷ್ಟು ಎತ್ತರವಿರಲಿಲ್ಲ, ಏಳುವುದಿಲ್ಲ. ಅವಳು ನೀರು ತುಂಬುವ ಹಬ್ಬದ ಮಧ್ಯಾಹ್ನ ಸಿಂಬಿ ಸುತ್ತಿಕೊಂಡು ಆ ಮೆಟ್ಟಿಲಿಂದ ನೀರು ಹೊತ್ತವಳು. ಹೊಸ ಊರಿಗೆ ಬಂದ ಮೇಲೆ ಕೈಪಂಪು. ಆಡಿಸಿ ಆಡಿಸಿ ಬಂದ ನೀರಿಗೆ ತುಕ್ಕಿನ ವಾಸನೆ. ಮೊದಲ ವರ್ಷ ಆ ಕೊಡಕ್ಕೆ ಪೂಜೆ ಮಾಡಲು ಅವಳಿಗೆ ಮನಸ್ಸೇ ಬರಲಿಲ್ಲವಂತೆ. ಅದೇ ಹೊಳೆಯ ನೀರು ಎಡದಂಡೆ ನಾಲೆಯಲ್ಲಿ ತುಮಕೂರಿನ ಕಡೆಗೆ ಹರಿಯಿತು, ಬಿಟ್ಟುಕೊಟ್ಟವಳಿಗೆ ಕೈಪಂಪು ಸಿಕ್ಕಿತು.

ಬೇರೆ ಬದಲಾವಣೆಗಳೂ ಬಂದವು. ಮೈಸೂರು ಸಂಸ್ಥಾನದ ಸೋಪು ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಗಿದ್ದು 1916ರಲ್ಲಿ. ಗಂಧದ ಸೋಪು ನಮ್ಮಂಥ ಮನೆಗಳಿಗೆ ಬರಲು ಇನ್ನೆರಡು ತಲೆಮಾರು ಬೇಕಾಯಿತು, ಅದೂ ನೆಂಟರು ಬಂದ ದಿನ ಮಾತ್ರ. ಸೀಗೆ ಕುಟ್ಟುವ ಒರಳು ಹೋಯಿತು, ಪುಡಿ ಪ್ಯಾಕೆಟ್‌ನಲ್ಲಿ ಬಂತು. ಸೌದೆ ಹೋಗಿ ಗೀಸರ್ ಬಂತು, ಗೀಸರ್ ಬಿಲ್ಲಿಗೆ ಹೆದರಿ ಸೋಲಾರ್ ಬಂತು. 2016ರಿಂದ ಅಂಚೆ ಕಚೇರಿಯಲ್ಲಿ ಗಂಗಾಜಲದ ಬಾಟಲಿ ಸಿಗುತ್ತದೆ. ಬಕೆಟ್ಟಿಗೆ ನಾಲ್ಕು ಹನಿ ಹಾಕಿಕೊಂಡು ಮೀಯುವವರಿದ್ದಾರೆ. ನನ್ನ ಹೆಂಡತಿಯ ಮನೆಯವರಿಗೆ ಅದು ಬೇಕಿಲ್ಲ. ತುಲಾ ಮಾಸದಲ್ಲಿ ರಾಮನಾಥಪುರದ ಕಾವೇರಿಯಲ್ಲಿ ಮಿಂದು, ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಪುರಿ ಹಾಕಿ, ಒಂದು ಬಾಟಲಿ ನೀರು ತಂದು ನಮ್ಮ ಹಂಡೆಗೂ ಸ್ವಲ್ಪ ಸುರಿಯುತ್ತಾರೆ. ಈಗೀಗ ಫೋನಿನಲ್ಲಿ ಉಪ್ಪು, ನಿಂಬೆಹಣ್ಣು, ಕರ್ಪೂರ ಹಾಕಿ ‘ನೆಗೆಟಿವ್ ಎನರ್ಜಿ’ ತೆಗೆಯುವ ಸ್ನಾನ ಹೇಳಿಕೊಡುವ ವಿಡಿಯೊಗಳು ಬಹಳ. ಉಪ್ಪು ನಿವಾಳಿಸಿ ನೀರಿಗೆ ಹಾಕುವುದನ್ನು ಅಜ್ಜಿ ಪುಕ್ಕಟೆ ಮಾಡುತ್ತಿದ್ದಳು. ಆ ವಿಡಿಯೊಗಳಲ್ಲಿ ಟಬ್ಬು ಮೊದಲೇ ತುಂಬಿರುತ್ತದೆ.

2019ರಲ್ಲಿ ಜಲಜೀವನ್ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆಮನೆಗೆ ಗಂಗೆ ಎಂದು ಹೆಸರಿಟ್ಟರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಕಾಗದದ ಮೇಲೆ ನಮ್ಮ ಆರು ಜನರ ಮನೆಗೆ 330 ಲೀಟರ್, ಸುಮಾರು ಮೂರೂವರೆ ಹಂಡೆ. ನಲ್ಲಿ ಬಂದಿದೆ. ನೀರು ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು. ಆದರೂ ಕೇರಿಯ ನಲ್ಲಿ, ನಮ್ಮ ನಲ್ಲಿ ಒಂದೇ ಪೈಪಿನಿಂದ ಬರುತ್ತವೆ, ಒಂದೇ ಟ್ಯಾಂಕಿನ ನೀರು. ಇದನ್ನು ಯಾರೂ ಕ್ರಾಂತಿ ಎಂದು ಕರೆಯಲಿಲ್ಲ, ಉದ್ಘಾಟನೆಯ ಸುದ್ದಿಯನ್ನು ನಾನೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ್ದೆ. ಸೌದೆಯಜ್ಜಿಯ ಮನೆಯ ಮುಂದೆ ನಿಂತಾಗ ಆ ನಲ್ಲಿಯನ್ನು ಸರಿಯಾಗಿ ನೋಡಿದೆ. ಅದರ ಕಟ್ಟೆಗೆ ಅರಿಶಿನ ಕುಂಕುಮ ಇಟ್ಟಿದ್ದರು.

ಹಾಸನಾಂಬೆಯ ಸಾಲಿನಿಂದ ಆ ರಾತ್ರಿ ನಾನು ಮನೆಗೆ ಹೋಗಲಾಗಲಿಲ್ಲ. ಈ ವರ್ಷ ಮಾತ್ರ ತ್ರಯೋದಶಿಗೆ ರಜೆ ಹಾಕಿ ಊರಿಗೆ ಹೋದೆ. ಸ್ನಾನವೆಲ್ಲ ಸೋಲಾರ್ ನೀರಿನಲ್ಲೇ ಆದರೂ ಅವ್ವ ಹಂಡೆಯನ್ನು ಮಾರಲು ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸಿ, ತಿಕ್ಕಿ, ಬಳ್ಳಿ ಸುತ್ತಿ, ನಲ್ಲಿಯಿಂದ ಎಂಟು ಕೊಡ ತುಂಬಿಸಿ ಇಡುತ್ತಾಳೆ. ಪೈಪ್ ಹಾಕಿಬಿಡೋಣ, ಎರಡು ನಿಮಿಷದ ಕೆಲಸ ಎಂದೆ.

"ಪೈಪಲ್ಲಿ ಬುಟ್ರೆ ತುಂಬ್ದಂಗೆ ಆಗಾಕಿಲ್ಲ" ಎಂದಳು.

ಹಾಗಾದರೆ ನಾನೇ ತುಂಬುತ್ತೇನೆ ಎಂದು ಕೊಡ ತೆಗೆದುಕೊಂಡೆ. ಈ ಮನೆಯಲ್ಲಿ ಗಂಡಸು ಹಂಡೆ ತುಂಬಿದ್ದನ್ನು ಅವಳು ನೋಡಿರಲಿಲ್ಲ. ಬೇಡ ಅನ್ನಲಿಲ್ಲ, ಹೂ ಕಟ್ಟುತ್ತ ಕೂತಳು. ನಲ್ಲಿಯಿಂದ ಬಚ್ಚಲಿಗೆ ಹದಿನೈದು ಹೆಜ್ಜೆ. ಐದನೆಯ ಕೊಡಕ್ಕೆ ಸೊಂಟ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತೆ.

ಅವ್ವ ತಲೆ ಎತ್ತದೆ ಹೇಳಿದಳು: "ಇನ್ನೂ ಮೂರು ಐತೆ ಕಣ್ಲಾ."